ಕಬ್ಬಿನ ಮೇಲೆ ಡ್ರೋನ್

10 ನವೆಂಬರ್, ಭಾನುವಾರ

ಅವ್ವ ಮತ್ತೆ ಕಬ್ಬಿನೊಳಗೆ ಹೋಗಿದ್ದಳು. ಕುಡಗೋಲು ಹಿಡಿದು, ಆಡಿಗೆ ಹುಲ್ಲು ತರಲು. ಆಡು ಮಾರಿ ಎಷ್ಟೋ ವರ್ಷ — ಅವಳಿಗೆ ನೆನಪಿಲ್ಲ. ಒಮ್ಮೊಮ್ಮೆ ನನ್ನ ಹೆಸರೂ ಇರುವುದಿಲ್ಲ. ಸಂಜೆಯೊಳಗೆ ಸಿಕ್ಕಳು, ಎಲೆ ಗೀರಿ ಮುಖವೆಲ್ಲ ರಕ್ತ.

ಸಕ್ಕರೆ ಫ್ಯಾಕ್ಟರಿ ಶುರುವಾಗಿದೆ. ಕಡಿಯುವ ಮೊದಲು ಕಬ್ಬಿಗೆ ಬೆಂಕಿ ಹಚ್ಚುತ್ತಾರೆ. ಒಣ ಎಲೆ ಸುಟ್ಟರೆ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಕೆಲಸ ಹಗುರ. ಹೆದರಿಕೆ ಅದೇ.

ತಮ್ಮ ದುರಗೇಶ ಅಂದ, "ಅಕ್ಕಾ, ಒಂದು ಡ್ರೋನ್ ತಗೊಳ್ಳೂಣು. ಮ್ಯಾಲಿಂದ ನೋಡಿದ್ರ ಆತು."

14 ನವೆಂಬರ್

ಜಮಖಂಡಿ ಕೋರ್ಟಿನ ಟೈಪಿಂಗ್ ಕೆಲಸ ಮುಗಿಸಿ ಬೇಗ ಹೊರಟು ಬನಹಟ್ಟಿಗೆ. ಮದುವೆ ಶೂಟಿಂಗ್ ಮಾಡುವ ಅಮಿತ ಡ್ರೋನಿನ ಪಾಠವನ್ನೇ ಮಾಡಿದ. ಬ್ಯಾಟರಿ ಎಷ್ಟು ಹೊತ್ತು, ಗಾಳಿಗೆ ನಿಲ್ಲುತ್ತದೆಯೇ, ಸಿಗ್ನಲ್ ಹೋದರೆ ತಾನೇ ಮರಳುತ್ತದೆಯೇ, ರಿಪೇರಿ ಎಲ್ಲಿ... ಕೊನೆಗೆ ಕೇಳಿದ, "ಯಾತಕ್ಕ ಬೇಕ್ರಿ ಮೇಡಂ?"

ಹೇಳಿದೆ. ಕೈಯಲ್ಲಿದ್ದ ಡ್ರೋನ್ ಕೆಳಗಿಟ್ಟ.

"ಹಂಗಾರ ಇದು ಬ್ಯಾಡ್ರಿ. ಕಬ್ಬಿನ ಮ್ಯಾಲ ಬರೇ ಎಲಿ ತೋರಸ್ತೈತಿ. ಮೈ ಬಿಸಿ ಹಿಡಿಯೋ ಥರ್ಮಲ್ ಕ್ಯಾಮೆರಾ ಬೇಕು. ಆರ್ಡರ್ ಕೊಟ್ರ ಸಂಕ್ರಾಂತಿಗೆ ಬರತೈತಿ."

ಸಂಕ್ರಾಂತಿಯ ತನಕ ಬೆಂಕಿ ಕಾಯುತ್ತದೆಯೇ?

17 ನವೆಂಬರ್, ಭಾನುವಾರ

ಸಾದಾ ಡ್ರೋನೇ ತಂದೆವು. ದುರಗೇಶನ ಉಪಾಯ — ಅವ್ವನಿಗೆ ದಿನಾ ಕೆಂಪು ಸೀರೆ. "ಹಸರಿನ್ಯಾಗ ಕೆಂಪು ಎಲ್ಲಿದ್ರೂ ಕಾಣತೈತಿ."

ಅವಳನ್ನು ಅಂಗಳದಲ್ಲಿ ನಿಲ್ಲಿಸಿ ಡ್ರೋನ್ ಹಾರಿಸಿದೆವು. ಸ್ಪಷ್ಟ ಕಂಡಳು. ಮೇಲೆ ನೋಡಿ, "ನನ್ನ ಮದಮಗಳ ಮಾಡೀರೇನ ಬೇ?" ಅಂದಳು. ಬಹಳ ದಿನದ ಮೇಲೆ ಮೂವರೂ ನಕ್ಕೆವು.

ಕಬ್ಬಿನೊಳಗೆ ನಿಲ್ಲಿಸಿ ನೋಡಲಿಲ್ಲ. ಮತ್ತೆ ಮುಖ ಗೀರುವುದು ಬೇಡ ಅಂತ.

3 ಡಿಸೆಂಬರ್

ಅವ್ವ ಹೋದಳು. ಬರೆಯಲಾಗುತ್ತಿಲ್ಲ.

9 ಡಿಸೆಂಬರ್

ಮಣ್ಣು ಮಾಡಿ ಬಂದ ಮೇಲೆ ಇವತ್ತೇ ಪೆನ್ನು ಹಿಡಿದದ್ದು.

ಆ ದಿನ ಮಧ್ಯಾಹ್ನ ಅವ್ವ ಕಾಣಲಿಲ್ಲ. ಪಕ್ಕದ ಹೊಲದ ಹಣಮಂತಣ್ಣ ಬೆಂಕಿ ಹಚ್ಚಲು ಗ್ಯಾಂಗಿನ ಜೊತೆ ನಿಂತಿದ್ದ. ಕೈಮುಗಿದೆ. ಕಾದ. ದುರಗೇಶ ಡ್ರೋನ್ ಏರಿಸಿದ, ನಾನು ಸ್ಕ್ರೀನ್ ನೋಡಿದೆ. ಹಸಿರು. ಬ್ಯಾಟರಿ ಬದಲಿಸಿದೆವು. ಮತ್ತೆ ಹಸಿರು. ಅಷ್ಟರಲ್ಲಿ ಯಾರೋ ಬಂದು, ಕೆಂಪು ಸೀರೆಯ ಮುದುಕಿ ಲೋಕಾಪುರದ ಬಸ್ಸು ಹತ್ತಿದಳು ಎಂದರು. ಎದೆ ಹಗುರಾಯಿತು.

ಬೈಕ್ ಹತ್ತಿದೆವು. ಲೋಕಾಪುರದಲ್ಲಿ ಇಳಿದವಳು ಬೇರೆ ಯಾರೋ. ತಿರುಗಿ ನೋಡಿದರೆ ನಮ್ಮ ಊರಿನ ದಿಕ್ಕಿಗೆ ಹೊಗೆ.

ಈಗ ಹಣಮಂತಣ್ಣ ಠಾಣೆಯಲ್ಲಿ. ಹೇಳದೆ ಕೇಳದೆ ಹಚ್ಚಿದ ಎಂದು ದುರಗೇಶ ಹೇಳಿಕೆ ಕೊಟ್ಟಿದ್ದಾನೆ. ಬೆಳಿಗ್ಗೆ ಹಣಮಂತಣ್ಣನ ಹೆಂಡತಿ ಅನಸವ್ವ ಬಂದಿದ್ದಳು. ಒಳಗೆ ಬರಲಿಲ್ಲ. "ನೀ ಅಲ್ಲೇ ಇದ್ದೆಲ್ಲ ಸಂಘಮಿತ್ರಾ. ಖರೆ ಅಷ್ಟ ಹೇಳವ್ವಾ."

ಅವಳು ಹೋದ ಮೇಲೆ ದುರಗೇಶ ಅಂದ, "ಸುಮ್ನಿರು ಅಕ್ಕಾ. ನಿನ್ನ ನೌಕರಿ ಹೋಗತೈತಿ. ಅವ್ವ ಏನ್ ತಿರುಗಿ ಬರತಾಳೇನ?"

ಅವನ ಮೇಲೆ ಸಿಟ್ಟು ಬರುತ್ತಿಲ್ಲ. ಅದಕ್ಕೇ ನನ್ನ ಮೇಲೆ ಹೇಸಿಗೆ.

10 ಡಿಸೆಂಬರ್, ಬೆಳಿಗ್ಗೆ

ದಿನವೂ ಊರವರ ಹೇಳಿಕೆ ಟೈಪ್ ಮಾಡುವವಳು. ನನ್ನದನ್ನು ಬರೆಯಲು ಕೈ ಬರುತ್ತಿಲ್ಲ. ಠಾಣೆಗೆ ಹೋಗುವ ಮೊದಲು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ.

ಹಣಮಂತ ಇವರು ನನ್ನನ್ನು ಕೇಳಿದ್ದು ನಿಜ. ಎರಡು ಸಲ ಕೇಳಿದರು. "ಒಳಗ ಯಾರೂ ಇಲ್ಲ ಹೌದಲ್ಲ ತಂಗಿ, ಹಚ್ಚಲೇನು?" ನಾನು ಸ್ಕ್ರೀನಿನಿಂದ ತಲೆ ಎತ್ತದೆ "ಹೂಂ, ಹಚ್ಚಣ್ಣಾ" ಎಂದೆ.