ಹಲಗೆಯ ಹಿಂಬದಿ

ಕೊಪ್ಪಳ, 12 ಡಿಸೆಂಬರ್ 1941, ಶುಕ್ರವಾರ

ಕಚೇರಿಗೆ ಉರ್ದು ಟೈಪ್‌ರೈಟರ್ ಬಂತು. ದರಿದ್ರ ಯಂತ್ರ! ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ನನ್ನ ಬೆರಳುಗಳು ದಿನವಿಡೀ ಇಂಗ್ಲಿಷ್ ಅಕ್ಷರಗಳ ಜಾಗಕ್ಕೇ ಹೋದವು.

ಇಂಗ್ಲಿಷ್ ಟೈಪಿಂಗ್ ಕಲಿಯುವಾಗ ಮನೆಯಲ್ಲಿ ಯಂತ್ರವಿರಲಿಲ್ಲ. ಹೆಂಡತಿ ಪಂಪಾವತಿಯೇ ನನ್ನ ಚೀಟಿ ನೋಡಿ ಹಲಗೆಯ ಮೇಲೆ ಸುಣ್ಣದಲ್ಲಿ ಅಕ್ಷರಗಳನ್ನು ಸಾಲಾಗಿ ಬರೆದುಕೊಟ್ಟಿದ್ದಳು. ಓದು ಬಾರದವಳು, ಒಂದಕ್ಷರ ತಲೆಕೆಳಗಾಗಿತ್ತು. "ಇರ್ಲಿ ಬಿಡ್ರಿ, ನಿಮ್ಮ ಕೈಗೆ ಗೊತ್ತೈತಲ್ಲ" ಎಂದು ನಕ್ಕಿದ್ದಳು.

ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಸಂಜೆ ಅವ್ವ ಕೇಳಿದಳು: "ಸೊಸಿ ಬರ್ದದ್ದು ಒರಸ್ಲೇನಪಾ? ಹೊಸಾದು ಬರ್ಕೊಳ್ಳಾಕ ಬೇಕಲ್ಲ."

"ಬ್ಯಾಡವ್ವಾ, ಹಿಂದ ಖಾಲಿ ಐತಿ."

ಹಿಂಬದಿಗೆ ಉರ್ದು ಅಕ್ಷರ ಬರೆದು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಆಡಿಸುತ್ತ ಕುಳಿತೆ. ಎದ್ದು ನೋಡಿದರೆ ಅವಳ ಸುಣ್ಣವೆಲ್ಲ ಧೋತರಕ್ಕೆ ಹತ್ತಿತ್ತು.

ಅವ್ವ ಧೋತರ ಒಗೆಯಲು ಕೇಳಿದಳು. ಕೊಡಲಿಲ್ಲ.