‘ತುಕ್ಕು’ ಕೇಳಿದವರು ಹೇಳಿದ್ದು

ಫೋನ್ ಎತ್ತದ ನನ್ನ ತಮ್ಮ ಉದಯಕುಮಾರನಿಗೆ,

ಚೆನ್ನಾಗಿದೀಯಾ ಅಂತ ಕೇಳೋಲ್ಲ. ಚೆನ್ನಾಗಿರೋನು ಒಡಹುಟ್ಟಿದ ಅಕ್ಕನ ನಂಬರ್ ಬ್ಲಾಕ್ ಮಾಡ್ತಾನಾ? ಕುಣಿಗಲ್ಲಿನಲ್ಲಿ ನಿನ್ನ ಜೊತೆ ರೂಮಲ್ಲಿರೋ ರವಿಕಿರಣ ತುಮಕೂರಿಗೆ ಬಂದಿದ್ದಾನೆ, ಈ ಕಾಗದ ಅವನ ಕೈಲಿ ಕಳಿಸ್ತೀನಿ. ಬರೋ ಭಾನುವಾರ ನೀನು ನಿನ್ನ ‘ತುಕ್ಕು’ ಆಲ್ಬಮ್ಮನ್ನ ಇಂಟರ್ನೆಟ್ಟಿಂದ ಅಳಿಸಿ, ಕೀಬೋರ್ಡು, ಸ್ಪೀಕರು ಎಲ್ಲಾ ಮಾರಿಬಿಡ್ತೀಯಂತೆ ಅಂತ ಅವನೇ ಹೇಳಿದ್ದು. ಅದನ್ನ ಕೇಳಿದಾಗಿಂದ ಕೂತಲ್ಲಿ ಕೂರೋಕಾಗ್ತಿಲ್ಲ, ನಿಂತಲ್ಲಿ ನಿಲ್ಲೋಕಾಗ್ತಿಲ್ಲ. ಬೆಳಿಗ್ಗೆ ಬೇಳೆ ತಳ ಹಿಡಿಸಿದೆ. ನಿನ್ನ ಭಾವ ಉಪ್ಪಿನಕಾಯಿ ನೆಂಚಿಕೊಂಡು ಉಂಡು ಆಫೀಸಿಗೆ ಹೋದರು.

ಎಲ್ಲಾ ಇಂಟರ್ನೆಟ್ಟಲ್ಲಿ ಯಾರೋ ಬರೆದ ಆ ಒಂದು ಅಭಿಪ್ರಾಯದಿಂದ ಶುರುವಾಗಿದ್ದು, ನನಗೆ ಗೊತ್ತು. ಎರಡು ವರ್ಷ ಅಂತರಸನಹಳ್ಳಿಯ ಕಾರ್ಖಾನೆಗಳ ಕಾಂಪೌಂಡಿನ ಪಕ್ಕ ನಿಂತು ತಗಡು ಕೊಯ್ಯೋ ಸದ್ದು, ಕಬ್ಬಿಣ ಬಡಿಯೋ ಸದ್ದು ಎಲ್ಲಾ ಫೋನಿಗೆ ತುಂಬಿಕೊಂಡೆ. ಅದಕ್ಕೆ ಕಂಪ್ಯೂಟರಿನ ಗುಡುಗು ಸೇರಿಸಿ ಏಳು ಹಾಡು ಮಾಡಿದೆ. ಹಾಡು ಅಂತ ನೀನು ಅನ್ನಬೇಕು, ಒಂದು ಪದ ಇಲ್ಲ ಅದರಲ್ಲಿ. ಇಂಡಸ್ಟ್ರಿಯಲ್ ಮ್ಯೂಸಿಕ್ ಅಂತ ಒಂದು ಜಾತಿಯೇ ಇದೆ ಅಕ್ಕ, ಲೋಕದ ತುಂಬಾ ಕೇಳೋರಿದ್ದಾರೆ ಅಂದಿದ್ದೆ. ಸುಳ್ಳಲ್ಲ, ಪೋಲೆಂಡಿನೋನೊಬ್ಬ ಇದನ್ನ ಕೇಳಿದ ಮೇಲೆ ಮೂಳೆಯೊಳಗೆ ಯಾರೋ ನಡೆದಾಡಿದ ಹಾಗಾಯ್ತು, ಇನ್ನೊಂದು ಯಾವಾಗ ಅಂತ ಬರೆದಿದ್ದ. ಅದನ್ನ ನನಗೆ ಓದಿ ಹೇಳಿ ಕುಣಿದಾಡಿದ್ದೆ. ಆಮೇಲೆ ಯಾವನೋ ಮುಖ ಇಲ್ಲದೋನು, ಈ ಮನುಷ್ಯನಿಗೆ ನೋವೇ ಗೊತ್ತಿಲ್ಲ, ಕತ್ತಲನ್ನ ಬಾಡಿಗೆಗೆ ತಂದಿದ್ದಾನೆ ಅಂತ ಬರೆದ. ಅಷ್ಟೇ. ಹೊಗಳಿದ ನೂರು ಮಾತು ನೀರಲ್ಲಿ ಹೋಯ್ತು, ಇದೊಂದು ಮಾತ್ರ ಮುಳ್ಳಿನ ಹಾಗೆ ಉಳಿಯಿತು.

ಇಲ್ಲಿಯವರು ಏನಂದರು ಅಂತ ನೀನು ಯಾವತ್ತಾದರೂ ಕೇಳಿದೆಯಾ? ನಮ್ಮ ಕಾಲೇಜಿನ ಆಫೀಸಿನಲ್ಲಿ ನನ್ನ ಪಕ್ಕ ಕೂರೋ ಉಮಾಮಹೇಶ್ವರಿ ಇಯರ್‌ಫೋನ್ ಹಾಕಿಕೊಂಡು ಕೇಳಿದಳು. ಗಂಟಲು ಒಣಗಿತು ಕಣೇ, ಆದರೂ ತೆಗೆಯೋಕೆ ಮನಸ್ಸು ಬರಲಿಲ್ಲ ಅಂದಳು. ನಿನ್ನ ಭಾವ, ವಾಷಿಂಗ್ ಮೆಷಿನ್ನಿಗೆ ಕಲ್ಲು ಬಿದ್ದ ಹಾಗಿದೆ ಅಂದರು. ರೇವತ್ತೆಯಂತೂ, ಹುಡುಗನಿಗೆ ಯಾವುದೋ ಗಾಳಿ ಸೋಕಿದೆ, ನಿಂಬೆಹಣ್ಣು ನಿವಾಳಿಸಿ ಅಂತ ಹಠ ಹಿಡಿದಿದ್ದರು. ನಗು ಬರಲ್ವೇನೋ ನಿನಗೆ? ಮುಂಚೆ ಇಂಥದ್ದಕ್ಕೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ದೋನು.

ಇನ್ನು ಅಪ್ಪನ ವಿಷಯ. ಯುಗಾದಿಗೆ ಬಂದಾಗ ನೀನೇ ಪೆನ್‌ಡ್ರೈವ್ ಕೊಟ್ಟು ಕೇಳಪ್ಪ ಅಂದಿದ್ದೆ. ಹೋದ ತಿಂಗಳು ನೀನು ನಮ್ಮೂರು ಕಡಬಕ್ಕೆ ಬಂದು ನೋಡಿದರೆ, ತರಕಾರಿ ಗಾಡಿಯೋರು ಟೊಮೊಟೊ ಟೊಮೊಟೊ ಅಂತ ಕೂಗಿಸೋ ಮೈಕನ್ನ ಅಪ್ಪ ತೆಂಗಿನ ಮರಕ್ಕೆ ಕಟ್ಟಿದ್ದರು. ಅದರಲ್ಲಿ ನಿನ್ನ ಎರಡನೇ ಹಾಡು ಬಡ್ಕೋತಿತ್ತು. ಎಳನೀರು ಕಿತ್ತು ಹಾಳು ಮಾಡೋ ಕೋತಿಗಳೆಲ್ಲ ಬಿದ್ದೆವೋ ಎದ್ದೆವೋ ಅಂತ ಓಡ್ತಿದ್ದವು. ಪಕ್ಕದ ತೋಟದ ಅಂಜನಮೂರ್ತಿ ಬೇಲಿ ಮೇಲಿಂದ, ನಿನ್ನ ಹಾಡಿಗೆ ಕೋತಿನೂ ನಿಲ್ಲಲ್ಲ ಕಣ್ಲಾ ಅಂತ ಹಲ್ಲು ಕಿರಿದನಂತೆ. ನೀನು ಪೆನ್‌ಡ್ರೈವ್ ಕಿತ್ತುಕೊಂಡು, ಒಂದು ಲೋಟ ನೀರೂ ಕುಡಿಯದೆ ಬಸ್ಸು ಹತ್ತಿದೆ. ಅಪ್ಪ ಗೇಟಿನ ತನಕ ನಿನ್ನ ಹಿಂದೆ ಬಂದಿದ್ದರು, ನೀನು ತಿರುಗಿ ನೋಡಲಿಲ್ಲ.

ನಿನಗಾದ ಅವಮಾನ ನನಗೆ ಅರ್ಥವಾಗಲ್ಲ ಅಂತಲ್ಲ. ಎದೆ ಬಸಿದು ಮಾಡಿದ್ದನ್ನ ಬೆದರುಗೊಂಬೆ ಮಾಡಿದರೆ ಯಾರಿಗಾದರೂ ಉರಿಯುತ್ತೆ. ನಾನೂ ಮೊನ್ನೆ ಶನಿವಾರ ಅಪ್ಪನ ಹತ್ತಿರ ಜಗಳ ತೆಗೆಯಬೇಕು ಅಂತಲೇ ಕಡಬಕ್ಕೆ ಹೋದೆ. ಅವರು ಪಂಪ್‌ಹೌಸ್ ಪಕ್ಕ ಕೂತು ತೆಂಗಿನ ಗರಿ ಸೀಳ್ತಿದ್ದರು. ನಾನು ಬಾಯಿ ತೆಗೆಯೋ ಮೊದಲೇ, ಒಂದನೇದಕ್ಕೆ ಕೋತಿ ಒಗ್ಗಿಹೋದ್ವು, ಎರಡನೇದು ವಾಸಿ, ಐದನೇದಕ್ಕೆ ನವಿಲೂ ಹೆದರ್ತಾವೆ ಅಂತ ಶುರುಮಾಡಿದರು. ಏಳಕ್ಕೆ ಏಳೂ ಮನಸ್ಸಿಟ್ಟು ಕೇಳಿದ್ದಾರೆ ಕಣೋ ಆ ಮನುಷ್ಯ! ನಿನ್ನ ಅಕ್ಕ ಅನ್ನಿಸಿಕೊಂಡ ನಾನು ಮೂರನೇದರ ಮುಂದಕ್ಕೆ ಹೋಗಿರಲಿಲ್ಲ.

ಆಮೇಲೆ, ನಾಲ್ಕನೇದು ನಿನ್ನ ಫೋನಲ್ಲಿ ಸಿಕ್ತದಾ ತ್ರಿವೇಣಿ ಅಂತ ಕೇಳಿದರು. ಹುಡುಕಿ ಹಾಕಿದೆ. ಕಬ್ಬಿಣ ಬಡಿದೂ ಬಡಿದೂ ಒಂದು ಕಡೆ ನಿಲ್ಲುತ್ತಲ್ಲ, ಅಲ್ಲಿ ಅಡಿಯಲ್ಲೆಲ್ಲೋ ಒಂದು ನರಳೋ ಸದ್ದು ಕೇಳಿತು. ಯಾವುದೋ ಮೆಷಿನ್ನು ಅಂದುಕೊಂಡೆ. ಅಪ್ಪ ಕೈಯಲ್ಲಿದ್ದ ಮಚ್ಚು ಕೆಳಗಿಟ್ಟು ಫೋನನ್ನೇ ನೋಡ್ತಾ ಹೇಳಿದರು.

“ಮೆಷಿನ್ನಲ್ಲ ಕಣವ್ವ. ನಮ್ ಉದಯ. ಅಳ್ತಾವ್ನೆ.”

ಚಿಕ್ಕೋನಾಗಿದ್ದಾಗಲೂ ನೀನು ಹೀಗೇ, ಅಳ್ತಾ ಅಳ್ತಾ ನಡುವೆ ಉಸಿರು ಕಟ್ಟಿ ನಿಂತುಹೋಗ್ತಿದ್ದೆಯಂತೆ. ಇದನ್ನೂ ಕೋತಿಗೆ ಹಾಕಿದ್ರಾ ಅಂತ ಕೇಳಿಬಿಟ್ಟೆ. ಅಪ್ಪ ನನ್ನನ್ನ ನೋಡಿದ ನೋಟಕ್ಕೆ ನಾಲಿಗೆ ಕಚ್ಚಿಕೊಂಡೆ. ಅದನ್ನ ಒಂದು ದಿನವೂ ಮರಕ್ಕೆ ಕಟ್ಟಿಲ್ಲವಂತೆ. ಮೈಕನ್ನ ಮನೆಯೊಳಗೆ ತಂದು, ದನಿ ಸಣ್ಣಗೆ ಮಾಡಿ, ಬಾಗಿಲು ಮುಂದಕ್ಕೆ ಹಾಕಿಕೊಂಡು ಒಬ್ಬರೇ ಕೇಳ್ತಿದ್ದರಂತೆ.

ಅಮ್ಮ ಹೋದಾಗ ನೀನು ಶಾಮಿಯಾನ, ಅಡಿಗೆಯೋರು, ನೆಂಟರ ಕಾರು ಅಂತ ಓಡಾಡ್ತಾನೇ ಇದ್ದೆ. ಒಂದು ಹನಿ ಕಣ್ಣೀರು ಹಾಕಲಿಲ್ಲ. ವನಜಮ್ಮನ ಮಗಂದು ಕಲ್ಲೆದೆ ಅಂತ ಊರೇ ಆಡಿಕೊಂಡಿತು. ಅಪ್ಪನೂ ಹಾಗೇ ಅಂದುಕೊಂಡಿದ್ದರೋ ಏನೋ. ಶನಿವಾರ ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರೀತೀನಿ, ನನ್ನ ಮಾತು ಸೇರಿಸಿದರೆ ಕೆಡುತ್ತೆ.

“ಅವತ್ತು ಎಲ್ರ ಮುಂದೆ ಅಳ್ನಿಲ್ಲ ಅವ್ನು. ಎಲ್ಲೋ ಕುಂತು ಒಬ್ನೇ ಅತ್ತವ್ನೆ. ನಾನು ಪಕ್ಕದಾಗೆ ಇರ್ನಿಲ್ಲ. ಈಗ ಇದ್ನ ಕೇಳ್ತಾ ಕುಂತ್ರೆ ಇದ್ದಂಗಾಯ್ತದೆ.”

ನನಗೆ ತಡೆಯೋಕಾಗಲಿಲ್ಲ. ಅವನು ಮುಂದಿನ ಭಾನುವಾರ ಇದನ್ನ ಅಳಿಸ್ತಾನಂತೆ, ಈಗಲೇ ನಿಮ್ಮ ಫೋನಿಗೆ ಹಾಕಿಕೊಡ್ತೀನಿ ಅಂದೆ. ಬ್ಯಾಡ ಅಂದರು. ಅದು ಅವನದು, ಅವನಾಗಿ ಕೊಟ್ಟರೆ ಇಟ್ಕೋತೀನಿ, ಕದ್ದು ಇಟ್ಕೊಳ್ಳೋದಲ್ಲ ಅಂದರು. ಮತ್ತೆ ಮಚ್ಚು ಎತ್ತಿಕೊಂಡರು, ಆದರೆ ಗರಿ ಸೀಳಲಿಲ್ಲ, ಸುಮ್ಮನೆ ಹಿಡಿದುಕೊಂಡು ಕೂತಿದ್ದರು.

ನೋವೇ ಗೊತ್ತಿಲ್ಲದೋನು ಅಂದವನಿಗೆ ನೀನು ಏನೂ ಉತ್ತರ ಕೊಡಬೇಕಾಗಿಲ್ಲ. ಬೇಕಾದರೆ ಕೀಬೋರ್ಡು ಮಾರಿಕೋ. ಉಳಿದ ಆರೂ ಹಾಡು ಅಳಿಸಿಹಾಕು, ಕೋತಿಗಳು ಹಬ್ಬ ಮಾಡಲಿ, ನಾನು ಕೇಳಲ್ಲ. ಆ ನಾಲ್ಕನೇದನ್ನ ಅಳಿಸೋದಾದರೆ ಮಾತ್ರ ಮೊದಲು ಕಡಬಕ್ಕೆ ಬಾ. ಅಪ್ಪನ ಪಕ್ಕ ಕೂತು ಒಂದು ಸಲ ಜೊತೇಲಿ ಕೇಳು. ಆಮೇಲೂ ಅಳಿಸಬೇಕು ಅನ್ನಿಸಿದರೆ ಅಳಿಸು, ಆಗ ಅವರಿಗೆ ಅದು ಬೇಕಾಗಿರಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಎದೆ ಹಗುರಾಗಲಿ, ಮನೆಯ ದಾರಿ ನಿನಗೆ ಹತ್ತಿರವಾಗಲಿ.

ಕಾಯ್ತಾ ಇರೋ ನಿನ್ನ ಅಕ್ಕ,
ತ್ರಿವೇಣಿ