ಬೋಟಿನ ಮೇಲಿನ ನನ್ನ ಹೆಸರು

ಪ್ರೀತಿಯ ಮಾವನವರಿಗೆ,

ನಿಮ್ಮ ಮಗನನ್ನು ಮದುವೆಯಾದ ಖುಷಿಗೆ ನನ್ನ ಕಾಲು ಇನ್ನೂ ನೆಲಕ್ಕೆ ತಾಗಿಲ್ಲ. ಹೊಸ ಮೀನುಗಾರಿಕೆ ಬೋಟಿಗೆ ನೀವು ನನ್ನ ಹೆಸರು ಬರೆಸಿದಾಗ ಗೆಳತಿಯರಿಗೆಲ್ಲ ಫೋಟೊ ಕಳಿಸಿ ಕುಣಿದಾಡಿದ್ದೆ.

ನಿನ್ನೆ ಅದರ ಬಲೆ ಬಿಚ್ಚುವುದನ್ನು ನೋಡಿದೆ. ಬೆರಳುದ್ದದ ಮರಿಮೀನುಗಳ ರಾಶಿ, ಬುಡಸಮೇತ ಕಿತ್ತು ಬಂದ ಹವಳ. ನೀವು ನಗುತ್ತಾ, "ಮರಿಯಾದರೇನಮ್ಮ, ಕೋಳಿ ಮೇವಿಗೆ ಪುಡಿ ಮಾಡಿದ ಮೇಲೆ ಎಲ್ಲಾ ಒಂದೇ" ಅಂದಿರಿ. ಸಮುದ್ರದ ತಳ ಗುಡಿಸಿ ಕೋಳಿಗೆ ಹಾಕಿ, ಅದಕ್ಕೂ ಮೀಸೆ ತಿರುವುವವರನ್ನು ನಾನು ಇದೇ ಮೊದಲು ಕಂಡದ್ದು.

ದಯವಿಟ್ಟು ನನ್ನ ಹೆಸರು ಅಳಿಸಿಬಿಡಿ. ಬದಲಿಗೆ ಅತ್ತೆಯವರ ಹೆಸರು ಬರೆಸೋಣವೇ ಎಂದು ಕೇಳಿದೆ, ಅವರಿಗೂ ಬೇಡವಂತೆ. ನಿಮ್ಮ ಮಗ ಬಣ್ಣದ ಡಬ್ಬಿ ಹಿಡಿದು ನಿಂತಿದ್ದಾರೆ. ನಿಮ್ಮ ಹೆಸರನ್ನೇ ದೊಡ್ಡದಾಗಿ ಬರೆಯಲು ಹೇಳಿದ್ದೇನೆ. ಬಲೆ ಬಿಚ್ಚುವಾಗ ಜನ ಓದಿಕೊಳ್ಳಲಿ.

ಇಂತಿ,
ನಿಮ್ಮ ಹೊಸ ಸೊಸೆ